ಓದುಗರ ಪ್ರಶ್ನೆ: ಸಭೆಗೆ ಮುನ್ನ ತಾಲೀಮು ಹೇಗಿರಬೇಕು?

ಪ್ರಶ್ನೆ: ನಾನು ತೋಟಗಾರಿಕೆ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಮೇಲೆ ನನ್ನ ಪ್ರಬಂಧ. ಕಳೆದ ತಿಂಗಳು ವಿಭಾಗದಲ್ಲಿ ಸೆಮಿನಾರ್ ಕೊಡಬೇಕಿತ್ತು. ಒಂದು ವಾರ ಮೊದಲೇ ಸ್ಲೈಡುಗಳನ್ನು ಮುಗಿಸಿ, ದಿನಾ ರಾತ್ರಿ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಅವನ್ನೇ ಮತ್ತೆ ಮತ್ತೆ ನೋಡಿದ್ದೆ. ಎಲ್ಲವೂ ಬಾಯಿಗೆ ಬಂದಿದೆ ಎಂದುಕೊಂಡಿದ್ದೆ. ಆದರೆ ಎದ್ದು ನಿಂತಾಗ ಮೂರನೆಯ ಸ್ಲೈಡಿಗೇ ಮಾತು ಕಟ್ಟಿತು. ಉಳಿದದ್ದನ್ನು ಪರದೆ ನೋಡಿ ಓದಿದೆ. ಕೊಟ್ಟ 15 ನಿಮಿಷ ಮುಗಿದಾಗ ಫಲಿತಾಂಶದ ಸ್ಲೈಡುಗಳೇ ಇನ್ನೂ ಬಂದಿರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು, ಹೇಳಬೇಕಾದದ್ದು ಇಂಗ್ಲಿಷಿನಲ್ಲಿ. ಬರುವ ತಿಂಗಳು ಪ್ರಬಂಧದ ಅಂತಿಮ ಮಂಡನೆ ಇದೆ. ಹೇಗೆ ಸಿದ್ಧಳಾಗಲಿ?
– ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀವು ಒಂದು ವಾರ ಮಾಡಿದ್ದು ಓದು. ತಾಲೀಮು ಒಂದು ಸಲವೂ ಆಗಿಲ್ಲ. ಸ್ಲೈಡು ಕಣ್ಣೆದುರು ಇರುವಾಗ ಅದರಲ್ಲಿರುವುದೆಲ್ಲ ತನಗೆ ಗೊತ್ತಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಏಕೆಂದರೆ ಆಗ ಮನಸ್ಸು ಮಾಡುತ್ತಿರುವುದು ಕಂಡದ್ದನ್ನು ಗುರುತು ಹಿಡಿಯುವ ಕೆಲಸವಷ್ಟೆ. ಸಭೆಯಲ್ಲಿ ಬೇಕಾಗುವುದು ವಿಷಯವನ್ನು ಒಳಗಿನಿಂದ ಎತ್ತಿ, ವಾಕ್ಯ ಕಟ್ಟಿ, ಕೇಳುವವರ ಮುಖ ನೋಡುತ್ತ ಹೇಳುವ ಕೆಲಸ. ಇವೆರಡರ ಅಂತರವನ್ನು ಅಮೆರಿಕದ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಳೆದು ತೋರಿಸಿದ್ದಾರೆ. ವಿದ್ಯಾರ್ಥಿಗಳ ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಅದನ್ನು ನೋಡದೆಯೇ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ಶೇಕಡಾ 40ರಷ್ಟು, ನೆನಪಿನಿಂದ ಬರೆದವರಿಗೆ ಶೇಕಡಾ 61ರಷ್ಟು ಉಳಿದಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಬರೀ ಓದಿದವರಲ್ಲೇ. ನಿಮಗೂ ಆ ಏಳು ರಾತ್ರಿ ಸಿಕ್ಕದ್ದು ಇದೇ ಭರವಸೆ.

ಜಾತ್ರೆಯ ನಾಟಕಕ್ಕೆ ನಮ್ಮ ಹಳ್ಳಿಗಳಲ್ಲಿ ನಡೆಯುವ ತಾಲೀಮನ್ನು ನೀವು ನೋಡಿರಬಹುದು. ಪುಸ್ತಕ ಹಿಡಿದು ಮಾತು ಓದುವುದು ಮೊದಲ ಕೆಲವು ದಿನ ಮಾತ್ರ. ಅಷ್ಟಾದ ಮೇಲೆ ಮಾಸ್ತರರು ಪುಸ್ತಕ ಕಸಿದುಕೊಂಡು, ಎದ್ದು ನಿಂತು ಮಾತಾಡು ಎನ್ನುತ್ತಾರೆ. ನೀವೂ ಹಾಗೆಯೇ ಲ್ಯಾಪ್‌ಟಾಪ್ ಮುಚ್ಚಿಬಿಡಿ. ಕೋಣೆಯಲ್ಲಿ ಎದ್ದು ನಿಂತು, ಹಿಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹೇಳಿ. ಮೊದಲ ಸಲ ಅದು ಹರಕುಮುರುಕಾಗಿಯೇ ಬರುತ್ತದೆ. ನಡುವೆ ನಿಲ್ಲಿಸಿ ಹಿಂದಕ್ಕೆ ಹೋಗಬೇಡಿ. ತಡವರಿಸಿದ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದುವರಿಯಿರಿ, ಏಕೆಂದರೆ ಸಭೆಯಲ್ಲೂ ನೀವು ಮಾಡಬೇಕಾದದ್ದು ಅದನ್ನೇ. ಮುಗಿದ ಮೇಲೆ ಆ ಜಾಗಗಳನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ.

ಅವುಗಳಲ್ಲಿ ಹೆಚ್ಚಿನವು ಸ್ಲೈಡಿನ ಒಳಗಿರುವುದಿಲ್ಲ, ಎರಡು ಸ್ಲೈಡುಗಳ ನಡುವೆ ಇರುತ್ತವೆ. ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ಒಂದು ಸ್ಲೈಡಿನಲ್ಲಿ ಅಂಬೆ, ಮೃಗ, ಹಸ್ತ ಎಂಬ ಮೂರು ಬಹಾರುಗಳ, ಅಂದರೆ ದಾಳಿಂಬೆ ಹೂ ಬಿಡುವ ಹಂಗಾಮುಗಳ, ಪಟ್ಟಿ ಇದೆ, ಮುಂದಿನದರಲ್ಲಿ ಸಿಂಪಡಣೆಯ ಕೋಷ್ಟಕವಿದೆ ಎಂದುಕೊಳ್ಳಿ. ಓದುವಾಗ ಬೆರಳು ಗುಂಡಿ ಒತ್ತುತ್ತದೆ, ಕಣ್ಣು ಮುಂದಕ್ಕೆ ಹೋಗುತ್ತದೆ, ನಡುವಿನ ಹಳ್ಳ ಗೊತ್ತೇ ಆಗುವುದಿಲ್ಲ. ಬಾಯಿಬಿಟ್ಟು ಹೇಳುವಾಗ ಮಾತ್ರ ಬಹಾರಿನಿಂದ ಸಿಂಪಡಣೆಗೆ ದಾಟಿಸುವ ಒಂದು ವಾಕ್ಯ ಬೇಕಾಗುತ್ತದೆ. “ಮಳೆಯ ಹನಿ ಸಿಡಿದು ರೋಗ ಹರಡುವುದರಿಂದ ಮುಂಗಾರಿನ ಮೃಗ ಬಹಾರಿಗೆ ಬಾಧೆ ಹೆಚ್ಚು, ಆದ್ದರಿಂದ ಆ ಬಹಾರಿನಲ್ಲಿ ಸಿಂಪಡಣೆಯ ಅಂತರ ಎಷ್ಟಿರಬೇಕು ಎಂಬುದನ್ನು ಮುಂದೆ ನೋಡೋಣ” ಎಂಬಂಥ ವಾಕ್ಯ ಅಲ್ಲಿ ಬಂದರೆ ಕೇಳುವವರಿಗೂ ದಾರಿ ಸಿಗುತ್ತದೆ, ನಿಮಗೂ ಮುಂದಿನ ಸ್ಲೈಡು ತಾನಾಗಿ ನೆನಪಾಗುತ್ತದೆ. ಮೂರನೆಯ ಸ್ಲೈಡಿಗೆ ನಿಮ್ಮ ಮಾತು ಕಟ್ಟಿದ್ದೂ ಬಹುಶಃ ಇಂಥ ವಾಕ್ಯವೊಂದು ಇಲ್ಲದ್ದರಿಂದಲೇ ಇರಬೇಕು.

ಹಾಗೆಂದು ಎಲ್ಲವನ್ನೂ ಅಕ್ಷರಶಃ ಕಂಠಪಾಠ ಮಾಡಲು ಹೋಗಬೇಡಿ. ಕಂಠಪಾಠ ಮಾಡಿದ ಮಾತಿನಲ್ಲಿ ಒಂದು ಪದ ಮರೆತರೆ ಮುಂದಿನದೂ ಸಿಗುವುದಿಲ್ಲ. ವಾಗ್ಮಿ ಎಂದು ಹೆಸರಾದ ವಿನ್‌ಸ್ಟನ್ ಚರ್ಚಿಲ್ ತರುಣರಾಗಿದ್ದಾಗ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಿಯೇ ಹೋಗುತ್ತಿದ್ದರು. 1904ರ ಏಪ್ರಿಲಿನಲ್ಲಿ ಬ್ರಿಟನ್ನಿನ ಸಂಸತ್ತಿನ ಕೆಳಮನೆಯಲ್ಲಿ ಮಾತಾಡುತ್ತಿರುವಾಗ ನಡುವೆ ಎಳೆ ತಪ್ಪಿ, ಮುಂದಿನ ಮಾತೇ ಹೊಳೆಯದೆ, ಸದಸ್ಯರಿಗೆ ವಂದನೆ ಹೇಳಿ ಕುಳಿತುಬಿಟ್ಟರು. ಅಲ್ಲಿಂದ ಮುಂದೆ ಅವರು ಟಿಪ್ಪಣಿ ಇಲ್ಲದೆ ಮಾತಿಗೆ ನಿಲ್ಲುತ್ತಿರಲಿಲ್ಲ. ನೀವು ಬಾಯಿಪಾಠ ಮಾಡಬೇಕಾದದ್ದು ಮೊದಲ ಎರಡು ವಾಕ್ಯ, ಸ್ಲೈಡಿನಿಂದ ಸ್ಲೈಡಿಗೆ ದಾಟಿಸುವ ವಾಕ್ಯಗಳು ಮತ್ತು ಕೊನೆಯ ವಾಕ್ಯ. ಉಳಿದದ್ದು ಪ್ರತಿ ಸಲವೂ ಬೇರೆ ಬೇರೆ ಪದಗಳಲ್ಲಿ ಬರಲಿ.

ಭಾಷೆಯ ಅಳುಕನ್ನು ತೆಗೆಯಲು ಮೊದಲ ಒಂದೆರಡು ತಾಲೀಮನ್ನು ಕನ್ನಡದಲ್ಲೇ ಮಾಡಿ. ಅದೂ ಪುಸ್ತಕದ ಕನ್ನಡ ಬೇಡ, ದಾಳಿಂಬೆ ಹಾಕಿರುವ ನಿಮ್ಮೂರಿನ ಕಾಕಾ ಒಬ್ಬರಿಗೆ ತೋಟದಲ್ಲಿ ನಿಂತು ಹೇಳುವಂಥ ಮನೆಮಾತಿನಲ್ಲಿ. ವಾದದ ಎಳೆ ಎಲ್ಲಿ ಜಾಳಾಗಿದೆ ಎಂಬುದು ಆಗ ಕೂಡಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎಷ್ಟೋ ಸಲ ದೊಡ್ಡ ಶಬ್ದಗಳ ಹಿಂದೆ ಅದು ಅಡಗಿರುತ್ತದೆ. ಎಳೆ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ಬನ್ನಿ, ಸಣ್ಣ ವಾಕ್ಯಗಳನ್ನೇ ಬಳಸಿ, ನಾಲಿಗೆಗೆ ತೊಡಕಾಗುವ ರೋಗಾಣುವಿನ ಶಾಸ್ತ್ರೀಯ ಹೆಸರು, ಔಷಧಿಗಳ ಹೆಸರು ಇವನ್ನು ಪ್ರತ್ಯೇಕವಾಗಿ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳಿ. ಉಚ್ಚಾರಣೆ ಇಂಗ್ಲೆಂಡಿನವರಂತೆ ಇರಬೇಕೆಂದು ಯಾವ ಪರೀಕ್ಷಕರೂ ನಿರೀಕ್ಷಿಸುವುದಿಲ್ಲ.

ಇನ್ನು ಸಮಯದ ಮಾತು. 15 ನಿಮಿಷ ಕೊಟ್ಟರೆ ಅದರಲ್ಲಿ ಪ್ರಶ್ನೆಗಳೂ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸೇರಿದ್ದರೆ ಮಾತಿಗೆ ಉಳಿಯುವುದು ಸುಮಾರು 12 ನಿಮಿಷ. ಪೆನ್‌ಡ್ರೈವ್ ಹಾಕುವುದು, ಅಧ್ಯಕ್ಷರಿಗೆ ನಮಸ್ಕಾರ ಹೇಳುವುದು ಇವೂ ನಿಮ್ಮ ಲೆಕ್ಕಕ್ಕೇ ಬೀಳುವುದರಿಂದ ಕೋಣೆಯಲ್ಲಿ 11 ನಿಮಿಷಕ್ಕೆ ಮುಗಿಯುವಂತಿರಬೇಕು. ಮೊಬೈಲಿನ ಗಡಿಯಾರ ಹಚ್ಚಿ ಹೇಳಿ, ಪೀಠಿಕೆಗೆ ಎಷ್ಟು ಹೋಯಿತು, ಫಲಿತಾಂಶಕ್ಕೆ ಎಷ್ಟು ಉಳಿಯಿತು ಎಂದು ನೋಡಿ. ನಮ್ಮ ವಿದ್ಯಾರ್ಥಿಗಳ ಸೆಮಿನಾರುಗಳಲ್ಲಿ ಬೆಳೆಯ ಮೂಲ, ವಿಸ್ತೀರ್ಣ, ಹಿಂದಿನವರ ಸಂಶೋಧನೆ ಇಷ್ಟಕ್ಕೇ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗಿಬಿಡುತ್ತದೆ, ಪರೀಕ್ಷಕರು ಕಾಯುತ್ತಿರುವುದು ಮಾತ್ರ ನೀವು ಹೊಸದಾಗಿ ಕಂಡದ್ದೇನು ಎಂಬುದಕ್ಕೆ. ಹೊತ್ತು ಮೀರುತ್ತಿದ್ದರೆ ವೇಗ ಹೆಚ್ಚಿಸಬೇಡಿ, ಇಡೀ ಸ್ಲೈಡನ್ನೇ ತೆಗೆಯಿರಿ. ತೆಗೆದದ್ದನ್ನು ಅಳಿಸದೆ ಕೊನೆಯ “ಧನ್ಯವಾದ” ಸ್ಲೈಡಿನ ಆಚೆಗೆ ಇಟ್ಟುಕೊಂಡಿದ್ದರೆ, ಆ ಬಗ್ಗೆ ಪ್ರಶ್ನೆ ಬಂದಾಗ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ಪವರ್‌ಪಾಯಿಂಟ್ ನೇರ ಅಲ್ಲಿಗೇ ಹೋಗುತ್ತದೆ.

ಪವರ್‌ಪಾಯಿಂಟಿನಲ್ಲೇ ತಾಲೀಮಿನ ಹೊತ್ತು ಅಳೆಯುವ ಸೌಲಭ್ಯವಿದೆ. ಅದನ್ನು ಬಳಸಿದರೆ ಒಂದು ಎಚ್ಚರ ಬೇಕು: ತಾಲೀಮು ಮುಗಿದಾಗ ಈ ಸಮಯವನ್ನು ಉಳಿಸಲೇ ಎಂದು ಅದು ಕೇಳುತ್ತದೆ. ಹೌದು ಎಂದಿರೋ, ಮಂಡನೆಯ ದಿನ ಅದೇ ಅವಧಿಗೆ ಸ್ಲೈಡುಗಳು ತಾವಾಗಿಯೇ ಸರಿಯತೊಡಗುತ್ತವೆ. ನೀವು ನಾಲ್ಕನೆಯ ಸ್ಲೈಡಿನ ಬಗ್ಗೆ ಮಾತಾಡುತ್ತಿರುವಾಗ ಪರದೆಯ ಮೇಲೆ ಐದನೆಯದು ಬಂದು ನಿಂತಿರುತ್ತದೆ. ಇಲ್ಲ ಎಂದೇ ಹೇಳಿ.

ನಿಮ್ಮ ತಾಲೀಮನ್ನು ಕೇಳಲು ಯಾರನ್ನು ಕೂರಿಸಬೇಕು ಎಂಬುದೂ ಮುಖ್ಯ. ಅದೇ ಪ್ರಯೋಗಾಲಯದ ಗೆಳತಿ ಒಳ್ಳೆಯ ಆಯ್ಕೆಯಲ್ಲ. ನೀವು ನುಂಗಿದ ಮಾತನ್ನೂ ಆಕೆ ತಾನೇ ತುಂಬಿಕೊಳ್ಳುತ್ತಾಳೆ. ವಿಷಯ ಗೊತ್ತಿರುವವರಿಗೆ ಗೊತ್ತಿಲ್ಲದವರ ಸ್ಥಿತಿ ಊಹೆಗೆ ಸಿಗುವುದಿಲ್ಲ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ, ಪರಿಚಿತ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ಕೇಳುಗರು ಹಾಡನ್ನು ಗುರುತಿಸುವಂತೆ ಹೇಳುವ ಪ್ರಯೋಗ ಮಾಡಿದರು. ಅರ್ಧದಷ್ಟನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದು ತಟ್ಟಿದವರು ಅಂದಾಜಿಸಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕದ್ದು ಮೂರಕ್ಕೆ ಮಾತ್ರ. ತಟ್ಟುವವರ ತಲೆಯೊಳಗೆ ಇಡೀ ಹಾಡು ಕೇಳುತ್ತಿರುತ್ತದೆ, ಎದುರಿಗಿದ್ದವರಿಗೆ ಬರೀ ಟಕಟಕ ಸದ್ದು. ಆದ್ದರಿಂದ ಬೇರೆ ವಿಭಾಗದ ಒಬ್ಬರನ್ನು, ಸಾಧ್ಯವಾದರೆ ಮನೆಯವರೊಬ್ಬರನ್ನು ಕೂರಿಸಿಕೊಳ್ಳಿ. ಮುಗಿದ ಮೇಲೆ “ಹೆಂಗಾತು?” ಎಂದು ಕೇಳಿದರೆ “ಛಲೋ ಆತು” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ. “ನಾ ಏನು ಹೇಳಿದೆ, ನೀವೊಮ್ಮೆ ಹೇಳ್ರಿ” ಎನ್ನಿ. ಅವರ ಬಾಯಿಂದ ನಿಮ್ಮ ಮುಖ್ಯ ಫಲಿತಾಂಶ ಹೊರಡದಿದ್ದರೆ ಅದನ್ನು ನೀವು ಹೇಳಿಯೇ ಇಲ್ಲವೆಂದು ತಿಳಿಯಿರಿ.

ಇವನ್ನೆಲ್ಲ ಒಂದೇ ರಾತ್ರಿಗೆ ಇಟ್ಟುಕೊಳ್ಳಬೇಡಿ. ಒಂದೇ ಸಲ ಕುಳಿತು ಮಾಡಿದ ಅಭ್ಯಾಸಕ್ಕಿಂತ ದಿನಗಳ ಅಂತರದಲ್ಲಿ ಹಂಚಿ ಮಾಡಿದ ಅಭ್ಯಾಸ ಹೆಚ್ಚು ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದರು. ಒಂದು ದಿನ ಬಿಟ್ಟು ಒಂದು ದಿನ ಒಮ್ಮೊಮ್ಮೆ ಹೇಳಿದರೂ ತಿಂಗಳಿಗೆ ಬೇಕಾದಷ್ಟಾಯಿತು. ಕೊನೆಯ ಒಂದು ತಾಲೀಮನ್ನು ಮಂಡನೆ ನಡೆಯುವ ಸಭಾಂಗಣದಲ್ಲೇ ಮಾಡಲು ವಿಭಾಗದಲ್ಲಿ ಅನುಮತಿ ಕೇಳಿ, ಅಲ್ಲಿಯ ಕಂಪ್ಯೂಟರಿನಲ್ಲೇ ಕಡತ ತೆರೆದು ನೋಡಿ. ರೈತರಿಗೆ ಹಂಚಿದ ಪ್ರಶ್ನಾವಳಿಯಂಥ ಕನ್ನಡ ಪಠ್ಯ ಸ್ಲೈಡಿನಲ್ಲಿದ್ದು ಅದು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಜೊತೆಗೊಂದು ಪಿಡಿಎಫ್ ಪ್ರತಿಯೂ ಇರಲಿ. ಕರೆಂಟ್ ಹೋದರೆ ಏನು ಮಾಡುವುದು ಎಂದು ಚಿಂತೆ ಬೇಡ: ಲ್ಯಾಪ್‌ಟಾಪ್ ಮುಚ್ಚಿ ಹೇಳಿ ರೂಢಿ ಮಾಡಿಕೊಂಡವರಿಗೆ ಅದೊಂದು ಅಡ್ಡಿಯೇ ಅಲ್ಲ.

ಪ್ರಶ್ನೆ: ನಾನು ಅಥಣಿ ತಾಲ್ಲೂಕಿನ ಒಂದು ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿ. ಪ್ರತಿ ವರ್ಷ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ವರದಿ ಓದುವ ಹೊಣೆ ನನ್ನದು. ಓದಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಸದಸ್ಯರು ತಮ್ಮತಮ್ಮಲ್ಲೇ ಮಾತಿಗೆ ಇಳಿಯುತ್ತಾರೆ. ಹೋದ ವರ್ಷ ಸುಸ್ತಿ ಸಾಲದ (ಗಡುವು ಮೀರಿಯೂ ತೀರದ ಸಾಲದ) ಬಗ್ಗೆ ಒಬ್ಬರು ಎದ್ದು ನಿಂತು ಕೇಳಿದಾಗ ಅಂಕಿ ಎದುರಿಗಿದ್ದರೂ ನನಗೆ ಉತ್ತರ ಹೇಳಲಾಗಲಿಲ್ಲ. ಓದುವುದಕ್ಕೂ ತಾಲೀಮು ಬೇಕೇ?
– ಕಾರ್ಯದರ್ಶಿ, ಬೆಳಗಾವಿ ಜಿಲ್ಲೆ

ಉತ್ತರ: ಬೇಕು. ಓದುವುದು ಸುಲಭ ಎಂದು ಯಾರೂ ತಾಲೀಮು ಮಾಡದಿರುವುದರಿಂದಲೇ ಆಗಸ್ಟ್–ಸೆಪ್ಟೆಂಬರ್ ತಿಂಗಳ ನಮ್ಮ ಸಭೆಗಳಲ್ಲಿ ಸದಸ್ಯರ ಗಮನವೆಲ್ಲ ಊಟದ ಪೆಂಡಾಲಿನ ಕಡೆಗೆ ಹೋಗುತ್ತದೆ. ವರದಿಯ ಪುಸ್ತಿಕೆ ಮೊದಲೇ ಎಲ್ಲರ ಕೈಗೆ ಹೋಗಿರುತ್ತದೆ. ಅದನ್ನೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೆ ಕೇಳುವವರಿಗೆ ಕೆಲಸವೇನು ಉಳಿಯಿತು? ಅಧ್ಯಕ್ಷರೊಂದಿಗೆ ಮೊದಲೇ ಮಾತಾಡಿಕೊಂಡು, ಸಭೆಯ ಒಪ್ಪಿಗೆ ಪಡೆದು, ಪೂರ್ಣ ವರದಿಯನ್ನು ಓದಿದಂತೆ ಭಾವಿಸಿ, ಮುಖ್ಯವಾದ ನಾಲ್ಕೈದು ಸಂಗತಿಗಳನ್ನು ಮಾತ್ರ ವಿವರಿಸಿ: ದುಡಿಯುವ ಬಂಡವಾಳ ಎಷ್ಟಾಯಿತು, ಠೇವಣಿ ಏರಿತೋ ಇಳಿಯಿತೋ, ಸುಸ್ತಿ ಎಷ್ಟಿದೆ ಮತ್ತು ಏಕಿದೆ, ಆಡಿಟ್‌ನಲ್ಲಿ ಯಾವ ವರ್ಗ ಬಂತು, ಲಾಭಾಂಶ ಶೇಕಡಾ ಎಷ್ಟು. ಸದಸ್ಯರು ಕಾಯುವುದು ಕೊನೆಯದಕ್ಕೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಸುಸ್ತಿಯ ವಿಷಯವನ್ನು ಅದಕ್ಕಿಂತ ಮೊದಲು ಹೇಳಿ.

ತಾಲೀಮು ಶುರುವಾಗಬೇಕಾದದ್ದು ಅಂಕಿಗಳಿಂದ. ಪುಸ್ತಿಕೆಯಲ್ಲಿ 4,37,62,918 ಎಂದು ಅಚ್ಚಾದದ್ದನ್ನು ಮೈಕಿನ ಮುಂದೆ ಮೊದಲ ಸಲ ಓದುವವರು ನಾಲ್ಕು ಕೋಟಿಯ ನಂತರ ಒಂದು ಕ್ಷಣ ತಡೆಯುತ್ತಾರೆ, ಅಲ್ಲಿಗೇ ಸಭೆಯ ಗಮನ ಹೋಗುತ್ತದೆ. ಬಾಯಿಂದ ಹೇಳುವಾಗ “ಸುಮಾರು ನಾಲ್ಕು ಕೋಟಿ ಮೂವತ್ತೆಂಟು ಲಕ್ಷ” ಎಂದರೆ ಸಾಕು, ಪೈಸೆಯವರೆಗಿನ ಲೆಕ್ಕ ಪುಸ್ತಿಕೆಯಲ್ಲಿ ಇದ್ದೇ ಇದೆ. ಹೀಗೆ ಹೇಳಬೇಕಾದ ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ, ಪದಗಳಲ್ಲೇ ಒಂದು ಹಾಳೆಗೆ ಬರೆದುಕೊಂಡು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ನಿಮ್ಮ ಧ್ವನಿ ನಿಮಗೇ ಬೇರೆಯವರದೆನಿಸಿದರೆ ಬೇಸರ ಬೇಡ. ಮಾತಾಡುವಾಗ ನಮ್ಮ ಧ್ವನಿ ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಗಳ ಮೂಲಕವೂ ನಮ್ಮ ಕಿವಿಗೆ ಮುಟ್ಟುವುದರಿಂದ ಅದು ತುಂಬಿದಂತೆ ಕೇಳುತ್ತದೆ. ಮುದ್ರಿಕೆಯಲ್ಲಿ ಆ ಭಾಗ ಇರುವುದಿಲ್ಲ. ಸದಸ್ಯರಿಗೆ ಎಂದಿನಿಂದಲೂ ಕೇಳಿರುವುದು ಮುದ್ರಿಕೆಯ ಧ್ವನಿಯೇ. ಧ್ವನಿಯ ಚೆಂದವನ್ನು ಬಿಟ್ಟು, ವಾಕ್ಯದ ಕೊನೆ ನುಂಗಿಹೋಗುತ್ತಿದೆಯೇ, ಅಂಕಿಯ ನಂತರ ಬಿಡುವು ಇದೆಯೇ ಎಂಬ ಎರಡನ್ನೇ ಗಮನಿಸಿ.

ಪ್ರಶ್ನೆಗಳಿಗೆ ಪ್ರತ್ಯೇಕ ತಾಲೀಮು ಬೇಕು, ನೀವು ತಪ್ಪಿಸಿಕೊಂಡದ್ದು ಇದನ್ನೇ. ಸಭೆಗೆ ಒಂದೆರಡು ದಿನ ಮೊದಲು ನಿರ್ದೇಶಕರಲ್ಲಿ ಸ್ವಲ್ಪ ಖಾರವಾಗಿ ಮಾತಾಡುವವರೊಬ್ಬರನ್ನು ಕಚೇರಿಗೆ ಕರೆದು, ಸಿಟ್ಟಾದ ಸದಸ್ಯರಂತೆ ಕೇಳಿಸಿ. “ನಮಗ ಒಂದು ಕಂತು ತಪ್ಪಿದ್ರ ನೋಟಿಸ್ ಕೊಡ್ತೀರಿ, ದೊಡ್ಡವರ ಸುಸ್ತಿ ಯಾಕ ವಸೂಲಾಗಿಲ್ಲ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಮೊದಲ ಸಲ ಹೊಳೆಯುವ ಉತ್ತರ ಬಹುತೇಕ ನೆಪದಂತೆ ಇರುತ್ತದೆ, ಎರಡನೆಯ ಮೂರನೆಯ ಸಲಕ್ಕೆ ಅಂಕಿ ಮುಂದೆ ಬರುತ್ತದೆ: ಒಟ್ಟು ಸುಸ್ತಿಯಲ್ಲಿ ಎಷ್ಟು ಪ್ರಕರಣಕ್ಕೆ ದಾವೆ ಹೂಡಿದೆ, ಎಷ್ಟು ವಸೂಲಾಗಿದೆ, ಉಳಿದದ್ದಕ್ಕೆ ಕ್ರಮ ಏನು. ಹೆಸರು ಹೇಳದೆ ಉತ್ತರಿಸುವುದನ್ನೂ ಅಲ್ಲೇ ರೂಢಿಸಿಕೊಳ್ಳಿ. ನಿಮ್ಮ ಕಡೆ ಮರಾಠಿ ಮಾತಾಡುವ ಸದಸ್ಯರೂ ಇರುತ್ತಾರಾದ್ದರಿಂದ, ಸುಸ್ತಿ ಮತ್ತು ಲಾಭಾಂಶದ ಎರಡು ವಾಕ್ಯಗಳನ್ನು ಮರಾಠಿಯಲ್ಲೂ ಹೇಳಲು ಬರುವಂತೆ ಸಿದ್ಧಮಾಡಿಕೊಂಡರೆ ಸಭೆಯ ಆ ಮೂಲೆಯ ಗದ್ದಲ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಜಿಲ್ಲಾಮಟ್ಟದ ತರಬೇತಿಯಲ್ಲಿ ಇತರ ಶಿಕ್ಷಕರ ಮುಂದೆ ಅರ್ಧ ಗಂಟೆ ಮಾತಾಡಬೇಕಿದೆ. ಮಕ್ಕಳ ಮುಂದೆ ಇಲ್ಲದ ನಡುಕ ಶಿಕ್ಷಕರ ಮುಂದೆ ಬರುತ್ತದೆ. ಹೆಚ್ಚು ತಾಲೀಮು ಮಾಡಿದರೆ ಮಾತು ಗಿಳಿಪಾಠವಾಗುತ್ತದೆ ಎಂಬ ಭಯವೂ ಇದೆ.
– ಶಿಕ್ಷಕ, ವಿಜಯಪುರ

ಉತ್ತರ: ನಡುಕದ ವಿಷಯದಲ್ಲಿ ಒಂದು ಸಮಾಧಾನವಿದೆ. ನಮ್ಮೊಳಗಿನ ಅಳುಕು ಎದುರಿಗಿದ್ದವರಿಗೆ ನಾವು ಎಣಿಸಿದಷ್ಟು ಕಾಣುವುದಿಲ್ಲ. ಸವಿಟ್ಸ್ಕಿ ಮತ್ತು ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕಾರರು ತಾವು ಎಷ್ಟು ಅಳುಕಿದಂತೆ ಕಂಡೆವು ಎಂದು ಹೇಳಿದ್ದಕ್ಕಿಂತ ಕೇಳುಗರು ಕಡಿಮೆಯೇ ಹೇಳಿದರು. ಈ ಸಂಗತಿಯನ್ನು ಮೊದಲೇ ತಿಳಿಸಿ ಕಳಿಸಿದ ಭಾಷಣಕಾರರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಕೈ ನಡುಗುವುದು ಕಾಣುತ್ತದೆ ಎಂದಿದ್ದರೆ ತೆಳು ಹಾಳೆಯನ್ನು ಹಿಡಿಯಬೇಡಿ, ಗಟ್ಟಿ ರಟ್ಟಿನ ಚೀಟಿಯ ಮೇಲೆ ಬರೆದುಕೊಳ್ಳಿ.

ಗಿಳಿಪಾಠದ ಭಯಕ್ಕೆ ಉತ್ತರ ನಿಮ್ಮ ವೃತ್ತಿಯಲ್ಲೇ ಇದೆ. ಒಂಬತ್ತನೆಯ ತರಗತಿಯ ‘ಎ’ ವಿಭಾಗಕ್ಕೆ ಹೇಳಿದ ಪಾಠವನ್ನೇ ಮುಂದಿನ ಅವಧಿಯಲ್ಲಿ ‘ಬಿ’ ವಿಭಾಗಕ್ಕೆ ಹೇಳುವಾಗ ಅದು ಕೆಡುತ್ತದೆಯೋ, ಸುಧಾರಿಸುತ್ತದೆಯೋ? ಸಾಮಾನ್ಯವಾಗಿ ಸುಧಾರಿಸುತ್ತದೆ, ಏಕೆಂದರೆ ಮೊದಲ ತರಗತಿಯಲ್ಲಿ ಮಕ್ಕಳು ಎಲ್ಲಿ ಮುಖ ಮುಖ ನೋಡಿಕೊಂಡರು ಎಂಬುದು ನಿಮಗೆ ಗೊತ್ತಾಗಿರುತ್ತದೆ, ಉದಾಹರಣೆಯನ್ನು ಬದಲಿಸಿರುತ್ತೀರಿ. ಮಾತು ಗಿಳಿಪಾಠವಾಗುವುದು ಒಂದೇ ಪದಗಳನ್ನು ಗೋಡೆಯ ಮುಂದೆ ಪುನಃ ಪುನಃ ಉರು ಹೊಡೆದಾಗ. ಕೇಳುವ ಮನುಷ್ಯರ ಮುಂದೆ, ಪ್ರತಿ ಸಲ ಬೇರೆ ಪದಗಳಲ್ಲಿ ಹೇಳಿದರೆ ಆ ಅಪಾಯವಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಬ್ಬರು ಸಹೋದ್ಯೋಗಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿಕೊಳ್ಳಿ, ಒಬ್ಬರು ಕನ್ನಡದವರೋ ಸಮಾಜ ವಿಜ್ಞಾನದವರೋ ಆಗಿದ್ದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆಯನ್ನೂ ಪೂರ್ತಿ ಹೇಳಿ, ತರಬೇತಿಯಲ್ಲಿ ತೋರಿಸಬೇಕೆಂದಿರುವ ಪ್ರಯೋಗವನ್ನು ಅದೇ ಸಲಕರಣೆಗಳಿಂದ ಅಲ್ಲಿಯೇ ಮಾಡಿ ತೋರಿಸಿ. ಪ್ರಯೋಗಕ್ಕೆ ನೀವು ಐದು ನಿಮಿಷ ಎಂದುಕೊಂಡದ್ದು ಹತ್ತಾಗಬಹುದು. ಹಾಗಾದರೆ ಮಾತಿನ ಭಾಗದಲ್ಲಿ ಅಷ್ಟನ್ನು ಭಾನುವಾರವೇ ಕಡಿಮೆ ಮಾಡಿಕೊಳ್ಳಿ.